ಎರಡನೆಯ ವರ್ಣತಂತುವಿನ ಸಾಕ್ಷ್ಯ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಡೋವರ್ ಎಂಬ ಸಣ್ಣ ಊರೊಂದುಂಟು. ೨೦೦೪ರ ಕೊನೆಯಲ್ಲಿ ಅಲ್ಲಿಯ ಶಾಲಾ ಮಂಡಲಿಯು, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ವಿಕಾಸದ ಪಾಠಕ್ಕೆ ಮೊದಲು ಒಂದು ಹೇಳಿಕೆಯನ್ನು ಓದಿ ಹೇಳತಕ್ಕದ್ದೆಂದು ವಿಧಿಸಿತು. ಡಾರ್ವಿನ್ನನದು ಬರಿಯ ವಾದವೇ ಹೊರತು ಸಿದ್ಧವಾದ ಸಂಗತಿಯಲ್ಲ. ಜೀವಿಗಳ ರಚನೆಯ ಹಿಂದೆ ಬುದ್ಧಿಶಾಲಿಯಾದ ಕರ್ತೃವಿರುವನೆಂಬ ಬೇರೊಂದು ವಿವರಣೆಯೂ ಉಂಟು—ಇದು ಅದರ ಸಾರ. ಉಪಾಧ್ಯಾಯರು ಓದಲು ಒಪ್ಪಲಿಲ್ಲ. ಅಧಿಕಾರಿಗಳೇ ತರಗತಿಗೆ ಬಂದು ಓದಿದರು. ಹನ್ನೊಂದು ಮಂದಿ ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲನ್ನೇರಿದರು.

‘ವಾದ’ ಎಂಬ ಮಾತು ನಮ್ಮಲ್ಲಿಯೂ ಮೋಸಮಾಡುತ್ತದೆ. ವಿಕಾಸವಾದವೆಂದೊಡನೆ ಅದು ಜಗಲಿಯ ಮೇಲಣ ವಾಗ್ವಾದದಂತೆ ತೋರುವುದು ಸಹಜ. ಆದರೆ ಪೂರ್ವಪಕ್ಷವನ್ನೆಲ್ಲ ಎದುರಿಸಿ ನಿಂತುದನ್ನು ಸಿದ್ಧಾಂತವೆಂದು ಕರೆಯುವುದು ನಮ್ಮ ಶಾಸ್ತ್ರಗಳ ರೂಢಿ. ವಿಕಾಸವಾದವು ಹಾಗೆ ನಿಂತಿದೆಯೆ ಎಂಬುದೇ ಇಲ್ಲಿಯ ಪ್ರಶ್ನೆ.

೨೦೦೫ರ ಸೆಪ್ಟೆಂಬರಿನಲ್ಲಿ ವಿಚಾರಣೆ ಆರಂಭವಾಯಿತು. ಮೊದಲನೆಯ ಸಾಕ್ಷಿ ಬ್ರೌನ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್. ಆತನು ಶ್ರದ್ಧಾವಂತ ಕ್ಯಾಥೊಲಿಕ್ ಎಂಬುದನ್ನು ಗಮನಿಸಬೇಕು. ಆತನು ಮುಂದಿಟ್ಟ ಸಾಕ್ಷ್ಯಗಳಲ್ಲಿ ಒಂದು ನಮ್ಮೆಲ್ಲರ ದೇಹದಲ್ಲಿಯೂ ಇರುವಂಥದು.

ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್—ಈ ಮಹಾವಾನರಗಳ ಜೀವಕೋಶಗಳಲ್ಲಿ ೪೮ ವರ್ಣತಂತುಗಳಿವೆ. ಮನುಷ್ಯನಿಗೂ ೪೮ ಎಂದೇ ಬಹುಕಾಲ ನಂಬಿದ್ದರು. ೧೯೫೬ರಲ್ಲಿ ತ್ಜಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಎಚ್ಚರದಿಂದ ಎಣಿಸಿ ೪೬ ಎಂದು ತೋರಿಸಿದರು. ವಿಕಾಸವಾದಿಗಳಿಗೆ ಇದು ಇಕ್ಕಟ್ಟಿನ ಸಂಗತಿ. ಮೂಲಪುರುಷನು ಒಬ್ಬನೇ ಆದರೆ ಒಂದು ಜೊತೆ ಎಲ್ಲಿ ಹೋಯಿತು? ಅದು ಸುಮ್ಮನೆ ಕಳೆದುಹೋಗುವಂತಿಲ್ಲ. ಅಷ್ಟೊಂದು ಜೀನ್‌ಗಳನ್ನು ಕಳೆದುಕೊಂಡ ಜೀವಿ ಬದುಕಲಾರದು. ಉಳಿದ ದಾರಿ ಒಂದೇ: ಎರಡು ವರ್ಣತಂತುಗಳು ಕೂಡಿ ಒಂದಾಗಿರಬೇಕು. ಹಾಗಾಗಿದ್ದರೆ ಗುರುತು ಸಿಕ್ಕಬೇಕು. ಸಿಕ್ಕದಿದ್ದರೆ ಸಮಾನ ಮೂಲದ ಮಾತಿಗೇ ಅಪಾಯ.

ಎರಡು ಪಂಚೆಗಳನ್ನು ತುದಿಗೆ ತುದಿ ಸೇರಿಸಿ ಹೊಲಿದರೆ, ಕೊನೆಯಲ್ಲಿರಬೇಕಾದ ಅಂಚುಗಳು ನಡುವೆ ಕಾಣುತ್ತವೆ. ವರ್ಣತಂತುವಿಗೂ ಅಂಥ ಅಂಚುಂಟು. ಅದರ ತುದಿಗಳಲ್ಲಿ ಟಿ-ಟಿ-ಎ-ಜಿ-ಜಿ-ಜಿ ಎಂಬ ಆರು ರಾಸಾಯನಿಕ ಅಕ್ಷರಗಳ ಪದವೊಂದು ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಟೆಲೊಮಿಯರ್ ಎಂದು ಹೆಸರು. ೧೯೯೧ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಮನುಷ್ಯನ ಎರಡನೆಯ ವರ್ಣತಂತುವಿನ ಒಳಭಾಗದಲ್ಲಿ ಈ ಸಾಲನ್ನು ಕಂಡರು. ಸಾಲು ಒಂದೆಡೆ ನಿಂತು, ಅಲ್ಲಿಂದ ಮುಂದೆ ತಿರುಗುಮುರುಗಾಗಿ ಸಾಗುತ್ತದೆ. ಎರಡು ತುದಿಗಳು ಮುಖಾಮುಖಿಯಾಗಿ ಬೆಸೆದಂತೆಯೇ! ಕಾಲಾಂತರದಲ್ಲಿ ಅಕ್ಷರಗಳು ಅಲ್ಲಲ್ಲಿ ಸವೆದಿವೆ, ನಿಜ. ಕೋಶವಿಭಜನೆಯ ಕಾಲದಲ್ಲಿ ತಂತುವಿಗೆ ಹಿಡಿಯಂತಿರುವ ಸೆಂಟ್ರೊಮಿಯರ್ ಒಂದಿರಬೇಕಾದ ಕಡೆ, ನಿಷ್ಕ್ರಿಯವಾದ ಇನ್ನೊಂದರ ಅವಶೇಷವೂ ದೊರೆಯಿತು. ಇದರ ಪಟ್ಟೆಗಳು ಚಿಂಪಾಂಜಿಯ ಎರಡು ವರ್ಣತಂತುಗಳ ಪಟ್ಟೆಗಳಿಗೆ ಹೊಂದುತ್ತವೆ. (ಈ ಬೆಸುಗೆಯಿಂದಲೇ ವಾನರನು ಮನುಷ್ಯನಾದನೆಂದು ವಾಚಕರು ಭಾವಿಸಬಾರದು, ಇದು ವಂಶದ ಗುರುತು ಮಾತ್ರ.)

ಪೂರ್ವಪಕ್ಷವನ್ನೂ ಕೇಳೋಣ. ಕರ್ತೃವು ತನ್ನ ಇಚ್ಛೆಯಂತೆ ಹೀಗೆಯೇ ರಚಿಸಿರಬಾರದೇಕೆ? ರಚಿಸಿರಬಹುದು, ಅದನ್ನು ಯಾವ ಪ್ರಯೋಗವೂ ಅಲ್ಲಗಳೆಯಲಾರದು. ಆದರೆ ಬೆಸುಗೆಯ ಗುರುತು ಸಿಕ್ಕದಿದ್ದರೂ ಈ ಉತ್ತರ ಹೀಗೆಯೇ ಇರುತ್ತಿತ್ತು. ಗುರುತಿದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವ ವಿವರಣೆ ಎಲ್ಲಿ ಹುಡುಕಬೇಕೆಂದು ಹೇಳಲಾರದು. ಯೇಲ್‌ನ ಸಂಶೋಧಕರ ಹಿಂದಿದ್ದ ಸಿದ್ಧಾಂತವಾದರೋ ಸೋಲಬಹುದಾಗಿತ್ತು.

೨೦೦೫ರ ಡಿಸೆಂಬರ್ ೨೦ರಂದು ನ್ಯಾಯಾಧೀಶ ಜಾನ್ ಜೋನ್ಸ್ ೧೩೯ ಪುಟಗಳ ತೀರ್ಪನ್ನಿತ್ತನು. ಕರ್ತೃವಾದವು ನಿಜವೋ ಸುಳ್ಳೋ ಎಂಬ ವಿಷಯದಲ್ಲಿ ನ್ಯಾಯಾಲಯವು ಯಾವ ಪಕ್ಷವನ್ನೂ ವಹಿಸುವುದಿಲ್ಲ, ಆದರೆ ಅದು ವಿಜ್ಞಾನವಲ್ಲ ಎಂದು ಆತನ ನಿರ್ಣಯ. ಹೇಳಿಕೆಯನ್ನು ಓದುವುದು ನಿಂತಿತು. ತೀರ್ಪಿಗೂ ಮೊದಲೇ, ನವೆಂಬರಿನ ಚುನಾವಣೆಯಲ್ಲಿ, ಸ್ಪರ್ಧಿಸಿದ್ದ ಮಂಡಲಿಯ ಎಂಟು ಸದಸ್ಯರನ್ನೂ ಡೋವರಿನ ಮತದಾರರು ಸೋಲಿಸಿದ್ದರು.