ಮೀಮ್ ಸುಳ್ಳು ಎಂದರೆ ಪಕ್ಷದ ಗಲಾಟೆ, ಸುಮ್ಮನಿದ್ದರೆ ಮನಸ್ಸು ಒಪ್ಪದು

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಗೆ ಚುನಾವಣೆಯ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು, ರಾಜಕೀಯ ನಾಯಕರೊಬ್ಬರು ಹೇಳಿದ್ದಂತೆ ಎಂದು ಒಂದು ಕೆಟ್ಟ ಮಾತು ಹೇಳಿದ. ಅಪ್ಪನ ಮೊಬೈಲಿನಲ್ಲಿ ಬಂದ ಮೀಮ್ ಅದು. ‘ಅವರು ಹಾಗೆ ಹೇಳಿರಲಿಕ್ಕಿಲ್ಲ ಕಣೋ’ ಅಂದೆ. ಮರುದಿನವೇ ಅವನ ತಂದೆ ಬಂದು ‘ಟೀಚರ್ ನಮ್ಮ ಪಕ್ಷದ ವಿರುದ್ಧ ಪಾಠ ಮಾಡ್ತಾರೆ’ ಎಂದು ಜಗಳ ತೆಗೆದರು. ಮುಖ್ಯ ಶಿಕ್ಷಕರು ‘ನಮಗ್ಯಾಕೆ ಮೇಡಂ, ಪುಸ್ತಕದಲ್ಲಿ ಇದ್ದಷ್ಟು ಹೇಳಿ ಸಾಕು’ ಎನ್ನುತ್ತಾರೆ. ಇತ್ತ ಹುಡುಗರು ಮೀಮ್‌ಗಳ ಮೇಲೆ ಎರಡು ಗುಂಪಾಗಿದ್ದಾರೆ. ಸುಮ್ಮನಿರಲೇ? ಕಲಿಸುವುದಾದರೆ ಹೇಗೆ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸುಮ್ಮನಿರಬೇಡಿ. ಆದರೆ ನೀವು ಹಿಡಿದ ದಾರಿ ಬದಲಾಗಬೇಕು, ಬೇಸರ ಮಾಡಿಕೊಳ್ಳಬೇಡಿ. ‘ಹೇಳಿರಲಿಕ್ಕಿಲ್ಲ’ ಎಂದಿರಲ್ಲ, ತಕರಾರು ಹುಟ್ಟಿದ್ದು ಅಲ್ಲಿ. ನಿಮ್ಮ ಮಾತು ನಿಜವೇ ಇರಬಹುದು. ಹುಡುಗನ ಪಾಲಿಗೆ ಮಾತ್ರ ಅದು ಅಪ್ಪನ ಮಾತಿಗೆ ಟೀಚರ್ ಹಾಕಿದ ಅಡ್ಡಮಾತು. ಇಬ್ಬರೂ ಆಧಾರ ತೋರಿಸಿಲ್ಲ. ಅಂಥ ಹೊತ್ತಿನಲ್ಲಿ ಮಗು ಅಪ್ಪನ ಕಡೆ ನಿಲ್ಲದೆ ಇನ್ನೆಲ್ಲಿ ನಿಂತೀತು? ತೀರ್ಪು ಹೇಳುವ ಕೆಲಸ ಬಿಟ್ಟುಬಿಡಿ, ಹುಡುಕುವ ಕೆಲಸವನ್ನು ಮಕ್ಕಳ ಕೈಗೆ ಕೊಡಿ.

ಮೊದಲ ದಿನವೇ ಪಕ್ಷದ ಮೀಮ್ ಎತ್ತಿಕೊಳ್ಳಬೇಡಿ. ಯಾವ ಪಕ್ಷಕ್ಕೂ ಸೇರದ, ಆದರೆ ಪೂರ್ತಿ ರಾಜಕೀಯದ್ದೇ ಆದ ಒಂದು ಸಂದೇಶವಿದೆ. 2019ರ ಚುನಾವಣೆಯಲ್ಲೂ ಓಡಾಡಿತು, 2024ರಲ್ಲೂ ಓಡಾಡಿತು: ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ನಿಮ್ಮ ವೋಟು ಬೇರೆ ಯಾರೋ ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಒಂದು ಮತಗಟ್ಟೆಯಲ್ಲಿ ಟೆಂಡರ್ ವೋಟು ಶೇ 14 ದಾಟಿದರೆ ಮರುಮತದಾನ.’ ಇದನ್ನು ಬೋರ್ಡಿನ ಮೇಲೆ ಬರೆದು, ಇದರಲ್ಲಿ ಎಷ್ಟು ಸಂಗತಿಗಳಿವೆ ಎಂದು ಮಕ್ಕಳಿಂದಲೇ ಬಿಡಿಸಿ. ಆಮೇಲೆ ಒಂದೊಂದನ್ನೇ 1961ರ ಚುನಾವಣಾ ನಿಯಮಗಳ ಎದುರು ಇಟ್ಟು ನೋಡಲಿ. 49ಎ ನಿಯಮ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಎನ್ನುವುದು ನಿಜಕ್ಕೂ ಇದೆ, ಆದರೆ ಅದು ಮತದಾರನ ಹಕ್ಕಲ್ಲ. ಮತ ಹಾಕಲು ಬಂದವನು ಅಸಲಿ ವ್ಯಕ್ತಿಯೇ ಎಂದು ಪಕ್ಷದ ಏಜೆಂಟು ಎರಡು ರೂಪಾಯಿ ಠೇವಣಿ ಇಟ್ಟು ಪ್ರಶ್ನಿಸುವ ಕ್ರಮ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿದರೂ ವೋಟಿಲ್ಲ. ಟೆಂಡರ್ ವೋಟಿನ ಮಾತು ನಿಜ, 49ಪಿ ನಿಯಮದಲ್ಲಿದೆ. ಆ ಶೇ 14 ಮಾತ್ರ ಯಾವ ನಿಯಮದಲ್ಲೂ ಇಲ್ಲ.

ಈ ಸಂದೇಶ ನನಗೆ ಇಷ್ಟವಾಗುವುದು ಅದಕ್ಕೇ. ಒಂದು ನಿಜ, ಒಂದು ಅರೆನಿಜ, ಒಂದು ಶುದ್ಧ ಸುಳ್ಳು, ಮೇಲೊಂದು ಕಾನೂನಿನ ಸಂಖ್ಯೆ. ಹೆಚ್ಚಿನ ಫಾರ್ವರ್ಡ್‌ಗಳ ಅಡುಗೆಯೇ ಹೀಗೆ. ಅಲ್ಲದೆ ನಿಮ್ಮ ಚುನಾವಣೆಯ ಪಾಠವೂ ಇದರಲ್ಲೇ ಆಗಿಹೋಗುತ್ತದೆ. ‘ಪುಸ್ತಕದಲ್ಲಿ ಇದ್ದಷ್ಟು’ ಎನ್ನುವ ಮುಖ್ಯ ಶಿಕ್ಷಕರಿಗೆ ಆಡಲು ಮಾತಿರುವುದಿಲ್ಲ.

ಎರಡನೆಯ ಪಾಠ ಚಿತ್ರ ಮತ್ತು ವಿಡಿಯೊ. ಇಲ್ಲಿ ನಮ್ಮ ರಾಜ್ಯದ ಒಂದು ಕಹಿ ಉದಾಹರಣೆಯನ್ನು ಮುಚ್ಚಿಡದೆ ಹೇಳಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದವರನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇದೇ ವದಂತಿಗೆ ಒಬ್ಬರ ಜೀವ ಹೋಗಿತ್ತು. ಆಗ ದೇಶವಿಡೀ ಹರಿದಾಡಿದ್ದ ವಿಡಿಯೊ ಒಂದಿದೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಪೋಷಕರನ್ನು ಎಚ್ಚರಿಸಲು ಮಾಡಿದ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಂಚಿದ್ದರು. ಉಳಿದ ಭಾಗದಲ್ಲಿ ಒಂದು ಫ್ರೇಮನ್ನೂ ತಿದ್ದಬೇಕಾಗಲಿಲ್ಲ.

ಆದ್ದರಿಂದ ‘ಇದು ಎಡಿಟ್ ಮಾಡಿದ್ದಾ?’ ಎಂಬ ಪ್ರಶ್ನೆಗಿಂತ ‘ಇದು ಮೊದಲು ಬಂದದ್ದು ಎಲ್ಲಿ, ಯಾವಾಗ?’ ಎಂಬುದನ್ನು ಮಕ್ಕಳ ಬಾಯಲ್ಲಿ ರೂಢಿ ಮಾಡಿಸಿ. ನಿಮ್ಮ ಒಂದೇ ಮೊಬೈಲು ಸಾಕು. ವಿಡಿಯೊದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಚಿತ್ರ ಇನ್ನೆಲ್ಲಿ ಇದೆಯೆಂದು ಹಲವು ಸಲ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಅದು ನಿಜವೆಂದೇನೂ ಅಲ್ಲ, ಸಿಗಲಿಲ್ಲ ಅಷ್ಟೆ. ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ್ದು 2023ರಲ್ಲಿ ಬಯಲಾದದ್ದೂ ಮೂಲ ವಿಡಿಯೊ ಸಿಕ್ಕಿದ್ದರಿಂದ.

ನಾವು ಮೇಷ್ಟ್ರುಗಳು ಮಕ್ಕಳಿಗೆ ಸದಾ ಹೇಳುವುದು ‘ಗಮನವಿಟ್ಟು ಓದು’ ಎಂದು. ಇಲ್ಲಿ ಆ ಬುದ್ಧಿಮಾತು ಕೆಲಸಕ್ಕೆ ಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇತಿಹಾಸದ ಪ್ರಾಧ್ಯಾಪಕರನ್ನು, ವಿದ್ಯಾರ್ಥಿಗಳನ್ನು, ವೃತ್ತಿಪರ ಫ್ಯಾಕ್ಟ್‌ಚೆಕ್ಕರ್‌ಗಳನ್ನು ಕೂರಿಸಿ ಜಾಲತಾಣಗಳನ್ನು ತೋರಿಸಿದ್ದರು. ಪ್ರಾಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಹಲವರು ಪುಟದಲ್ಲೇ ಕಣ್ಣು ನೆಟ್ಟು, ಅದರ ಅಂದಚೆಂದಕ್ಕೆ ಮೋಸಹೋದರು. ಫ್ಯಾಕ್ಟ್‌ಚೆಕ್ಕರ್‌ಗಳು ಬೇಗನೆ ಆ ಪುಟ ಬಿಟ್ಟು, ಇದನ್ನು ಹೇಳುತ್ತಿರುವವರು ಯಾರೆಂದು ಹೊರಗೆ ವಿಚಾರಿಸಿದರು. ಮೀಮನ್ನು ಎಷ್ಟು ದಿಟ್ಟಿಸಿದರೂ ಅದು ತನ್ನ ಗುಟ್ಟು ಬಿಡುವುದಿಲ್ಲ.

ಪಕ್ಷದ ಮೀಮ್‌ಗಳಿಗೆ ಬರುವುದು ಇಷ್ಟೆಲ್ಲ ಆದ ಮೇಲೆ. ಒಂದೇ ಪಿರಿಯಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷದವು ಇರಲಿ. ಪರೀಕ್ಷಿಸಬಹುದಾದದ್ದನ್ನು ಮಾತ್ರ ಎತ್ತಿಕೊಳ್ಳಿ. ‘ಇವರಿಂದ ದೇಶ ಹಾಳಾಯಿತು’ ಎನ್ನುವುದು ಅಭಿಪ್ರಾಯ, ಅದು ಅವರವರಿಗೆ ಬಿಟ್ಟದ್ದು. ‘ಈ ಗುಂಡಿಬಿದ್ದ ರಸ್ತೆ ನಮ್ಮ ರಾಜ್ಯದ್ದು’ ಎನ್ನುವುದನ್ನು ಹುಡುಕಿ ನೋಡಬಹುದು. ವ್ಯಂಗ್ಯಕ್ಕೂ ಜಾಗವಿರಲಿ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನಾಯಕರ ಮೂಗು ಉದ್ದ ಮಾಡಿ ಬರೆದಿದ್ದರೆ ಅದು ಸುಳ್ಳಲ್ಲವಲ್ಲ! ನಿಮ್ಮ ಹುಡುಗ ತಂದಂಥ ಮಾತುಗಳಿಗೆ ಪರೀಕ್ಷೆ ಸುಲಭ. ಎಲ್ಲಿ, ಯಾವ ದಿನ ಹೇಳಿದರು? ದೊಡ್ಡ ನಾಯಕರು ಸಭೆಯಲ್ಲಿ ಅಂಥದ್ದು ಆಡಿದ್ದರೆ ಮರುದಿನ ನಾಲ್ಕು ಪತ್ರಿಕೆಗಳಲ್ಲಿ ಬಂದಿರಬೇಕು. ಊರು, ತಾರೀಖು, ವರದಿ ಏನೂ ಇಲ್ಲದೆ ಬರೀ ಮೀಮ್‌ಗಳಲ್ಲೇ ಇದ್ದರೆ ಹಂಚದೆ ಬದಿಗಿಡಿ ಎನ್ನಿ.

ಫ್ಯಾಕ್ಟ್‌ಚೆಕ್ ತಾಣಗಳನ್ನು ನೋಡಿಸುವಾಗಲೂ ಎಚ್ಚರವಿರಲಿ. ಪಿಐಬಿ ಫ್ಯಾಕ್ಟ್‌ಚೆಕ್ ಕೇಂದ್ರ ಸರ್ಕಾರದ್ದೇ ಘಟಕ. ನಕಲಿ ವಿದ್ಯಾರ್ಥಿವೇತನದಂಥ ಸುದ್ದಿಗೆ ಉಪಯೋಗವಿದೆ, ಆದರೆ ಸರ್ಕಾರದ ಮೇಲಿನ ಟೀಕೆಗೆ ಸರ್ಕಾರವೇ ನ್ಯಾಯಾಧೀಶನಾಗಲಾಗದು. ಆಲ್ಟ್ ನ್ಯೂಸ್, ಬೂಮ್‌ನಂಥ ಖಾಸಗಿ ತಾಣಗಳ ವಿಷಯದಲ್ಲೂ ಅವರ ತೀರ್ಪಿಗಿಂತ ಅವರು ಕೊಟ್ಟ ಆಧಾರ ಓದಿಸಿ. ಮತ್ತೆ, ನಿಜವಾದ ಫಾರ್ವರ್ಡ್‌ಗಳನ್ನೂ ನಡುನಡುವೆ ಬೆರೆಸಿ. ಬರೀ ಸುಳ್ಳನ್ನೇ ತೋರಿಸುತ್ತಾ ಹೋದರೆ ಮಕ್ಕಳು ‘ಎಲ್ಲಾ ಸುಳ್ಳೇ ಬಿಡಿ ಮಿಸ್’ ಎನ್ನತೊಡಗುತ್ತಾರೆ. ಎಲ್ಲವನ್ನೂ ನಂಬುವವನಿಗಿಂತ ಏನನ್ನೂ ನಂಬದವನು ಅಪಾಯಕಾರಿ.

ಇನ್ನು ಮನೆಯ ವಿಷಯ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೆದುರು ‘ದೊಡ್ಡಪ್ಪ, ಇದು ಫೇಕ್’ ಎಂದು ಹಾಕಬಾರದೆಂದು ಮಕ್ಕಳಿಗೆ ತಾಕೀತು ಮಾಡಿ. ಹಿರಿಯರ ಮರ್ಯಾದೆ ಹೋದಮೇಲೆ ಆಧಾರ ಯಾರಿಗೆ ಬೇಕು? ಪಕ್ಕದಲ್ಲಿ ಕೂತು, ಸಿಕ್ಕಿದ್ದನ್ನು ತೋರಿಸಲಿ.

ಮುಖ್ಯ ಶಿಕ್ಷಕರು ಇನ್ನೂ ಅನುಮಾನಿಸಿದರೆ ಪಕ್ಕದ ಕೇರಳದ ಮಾತು ಹೇಳಿ. 2018ರಲ್ಲಿ ಕಣ್ಣೂರಿನ ಜಿಲ್ಲಾಧಿಕಾರಿ ಮೀರ್ ಮಹಮ್ಮದ್ ಅಲಿ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಇದನ್ನೇ ಕಲಿಸಿದರು. ಲಸಿಕೆಯ ಬಗ್ಗೆ ಹಬ್ಬಿದ ವಾಟ್ಸ್‌ಆ್ಯಪ್ ವದಂತಿಗಳು ಅವರನ್ನು ಅದಕ್ಕೆ ಹಚ್ಚಿದ್ದವು. ನೀವು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ಯಾವ ಉದಾಹರಣೆ ಬಳಸುತ್ತೀರೆಂದು ಮೊದಲೇ ತಿಳಿಸಿ, ಒಪ್ಪಿಗೆ ಬರೆಸಿಕೊಳ್ಳಿ. ಮತ್ತು ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ ಶುರು ಮಾಡಿ. ಪ್ರಚಾರದ ಗದ್ದಲದಲ್ಲಿ ಆರಂಭಿಸಿದ ಪಾಠವನ್ನು ಯಾರೂ ಪಾಠವೆಂದು ನಂಬುವುದಿಲ್ಲ.