ಲಗಾಮನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದುದೇಕೆ?

ಪ್ರಶ್ನೆ: ಪ್ರಾಚೀನ ರೋಮಿನ ರಥದ ಓಟದ ಚಿತ್ರಗಳಲ್ಲಿ ಸಾರಥಿಗಳು ಲಗಾಮನ್ನು ಸೊಂಟಕ್ಕೆ ಸುತ್ತಿಕೊಂಡಿರುತ್ತಾರೆ. ರಥ ಮಗುಚಿದರೆ ಕುದುರೆಗಳು ಅವರನ್ನು ಎಳೆದುಕೊಂಡು ಹೋಗುವುದಿಲ್ಲವೇ? ಗೊತ್ತಿದ್ದೂ ಹಾಗೇಕೆ ಮಾಡುತ್ತಿದ್ದರು?

ಉತ್ತರ: ಚಿತ್ರವನ್ನು ಗಮನವಿಟ್ಟು ನೋಡಿದವರಿಗಷ್ಟೇ ಬರುವ ಅನುಮಾನ ಇದು. ನಿಮ್ಮ ಆತಂಕವೂ ಸರಿಯೇ: ರಥ ಮಗುಚಿದರೆ ಸಾರಥಿಯನ್ನು ಕುದುರೆಗಳು ಎಳೆದೊಯ್ಯುವ ಅಪಾಯ ಖಂಡಿತ ಇತ್ತು. ಆದರೂ ಹಾಗೆ ಮಾಡಲು ಕಾರಣವಿತ್ತು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ರಥ ಎಂದೊಡನೆ ನಮಗೆ ನೆನಪಾಗುವುದು ಮಹಾಭಾರತದ ಯುದ್ಧರಥ. ಅಲ್ಲಿ ಕುದುರೆ ನಡೆಸಲು ಒಬ್ಬ, ಬಾಣ ಬಿಡಲು ಇನ್ನೊಬ್ಬ. ರೋಮನ್ನರು ಯುದ್ಧಕ್ಕೆ ರಥ ಬಳಸುತ್ತಿರಲಿಲ್ಲ. ಓಟದ ರಥವಂತೂ ಒಬ್ಬನೇ ನಿಲ್ಲುವಷ್ಟು ಚಿಕ್ಕದು, ತೀರ ಹಗುರ. ನಾಲ್ಕು ಕುದುರೆಗಳ ರಥವನ್ನೂ ಆ ಒಬ್ಬನೇ ಸಂಭಾಳಿಸಬೇಕು.

ಈಗ ಕುದುರೆಗಳ ವಿಷಯ. ನಾಲ್ಕೂ ಅಕ್ಕಪಕ್ಕದಲ್ಲೇ ಓಡುತ್ತಿದ್ದವು. ನೊಗಕ್ಕೆ ಹೂಡುತ್ತಿದ್ದುದು ನಡುವಿನ ಎರಡನ್ನು ಮಾತ್ರ. ಎರಡು ಅಂಚಿನ ಕುದುರೆಗಳನ್ನು ಹಗ್ಗದಿಂದ ರಥಕ್ಕೆ ಬಿಗಿದಿರುತ್ತಿದ್ದರು. ನೊಗದ ಹಿಡಿತ ಇಲ್ಲದ ಇವು ಸ್ವಲ್ಪ ಸ್ವತಂತ್ರ. ಇವನ್ನು ಹದ್ದುಬಸ್ತಿನಲ್ಲಿ ಇಡುವುದೇ ಸಾರಥಿಯ ನಿಜವಾದ ಕೆಲಸ.

ಅದರ ಕಷ್ಟ ಗೊತ್ತಾಗುತ್ತಿದ್ದುದು ತಿರುವಿನಲ್ಲಿ. ರೋಮಿನ ಸರ್ಕಸ್ ಮ್ಯಾಕ್ಸಿಮಸ್ ಸುಮಾರು 600 ಮೀಟರ್ ಉದ್ದದ, ಕಿರಿದಾದ ಮೈದಾನ. ನಡುವೆ ಉದ್ದಕ್ಕೂ ಒಂದು ದಿಣ್ಣೆಗೋಡೆ, ಅದರ ಎರಡು ತುದಿಗಳಲ್ಲೂ ತಿರುವಿನ ಕಂಬಗಳು. ಒಮ್ಮೆಗೆ 12 ರಥಗಳವರೆಗೆ ಓಡುತ್ತಿದ್ದವು. ಏಳು ಸುತ್ತು ಹಾಕಬೇಕು, ಪ್ರತಿ ತಿರುವೂ ಎಡಕ್ಕೆ. ಅಲ್ಲಿ ಎಡ ಅಂಚಿನ ಕುದುರೆ ವೇಗ ತಗ್ಗಿಸಿ ಕಂಬಕ್ಕೆ ಒತ್ತಿಕೊಂಡೇ ಹೊರಳಬೇಕು, ಬಲ ಅಂಚಿನದು ದೊಡ್ಡ ಸುತ್ತು ಬಳಸಿ ಜೋರಾಗಿ ಓಡಬೇಕು. ಕಂಬಕ್ಕೆ ತೀರ ಹತ್ತಿರ ಹೋದರೆ ಚಕ್ರ ತಗುಲಿ ರಥ ಪುಡಿ, ದೂರ ಸರಿದರೆ ಹಿಂದಿನವನು ಒಳಗಿಂದ ನುಗ್ಗಿ ಮುಂದೆ ಹೋಗುತ್ತಾನೆ.

ನಾಲ್ಕು ಕುದುರೆಗಳ ಸೆಳೆತವನ್ನು ಬರೀ ತೋಳಿನಿಂದ ತಡೆಯುವುದು ಕಷ್ಟ. ಒಂದು ಕೈಗೆ ಚಾಟಿಯೂ ಬೇಕು. ಅದಕ್ಕೇ ಲಗಾಮನ್ನು ಸೊಂಟಕ್ಕೆ ಸುತ್ತಿ, ಹಿಂದಕ್ಕೆ ವಾಲಿ, ಪಕ್ಕಕ್ಕೆ ಬಾಗಿ, ಇಡೀ ಮೈಯ ಭಾರವನ್ನೇ ಬಳಸಿ ಕುದುರೆಗಳನ್ನು ತಿರುಗಿಸುತ್ತಿದ್ದರು. ಎಡಗೈ ಲಗಾಮನ್ನು ಅತ್ತಿತ್ತ ಸರಿಪಡಿಸಲು, ಬಲಗೈ ಚಾಟಿಗೆ. ಗ್ರೀಕರು ಲಗಾಮನ್ನು ಕೈಯಲ್ಲೇ ಹಿಡಿಯುತ್ತಿದ್ದರು. ಡೆಲ್ಫಿಯ ಪ್ರಸಿದ್ಧ ಕಂಚಿನ ಸಾರಥಿಯನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹಾಗಾದರೆ ರಥ ಮಗುಚಿದಾಗ? ರೋಮಿನ ಶಿಲ್ಪಗಳಲ್ಲಿ ಸಾರಥಿಯ ಎದೆ-ಹೊಟ್ಟೆಗೆ ಬಿಗಿದ ತೊಗಲಿನ ಪಟ್ಟಿಗಳನ್ನು ನೋಡಿ. ಅವುಗಳ ನಡುವೆ ಬಾಗಿದ ಚಾಕುವೊಂದು ಸಿಕ್ಕಿಸಿರುವುದು ಕಾಣುತ್ತದೆ. ಬಿದ್ದ ಕೂಡಲೇ ಅದನ್ನು ಸೆಳೆದು ಲಗಾಮನ್ನು ಕೊಯ್ದುಕೊಳ್ಳಬೇಕು. ತಲೆಗೆ ಗಟ್ಟಿ ಟೋಪಿಯೂ ಇರುತ್ತಿತ್ತು. ಆದರೆ ಧೂಳಿನಲ್ಲಿ ಎಳೆದಾಡಿಸಿಕೊಳ್ಳುತ್ತ, ಹಿಂದಿನ ರಥಗಳು ಮೇಲೇರಿ ಬರುವ ಮೊದಲೇ ಚಾಕು ಕೈಗೆ ಸಿಗಬೇಕಲ್ಲ! ಅದು ಎಲ್ಲರಿಗೂ ಸಾಧ್ಯವಾಗುತ್ತಿರಲಿಲ್ಲ.

ಇಷ್ಟು ಅಪಾಯಕ್ಕೆ ಒಡ್ಡಿಕೊಳ್ಳುತ್ತಿದ್ದವರು ಯಾರೆಂಬುದೂ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಸಾರಥಿಗಳಲ್ಲಿ ಬಹುಪಾಲು ಗುಲಾಮರು, ಇಲ್ಲವೇ ಬಿಡುಗಡೆ ಪಡೆದ ಗುಲಾಮರು. ಕೆಂಪು, ಬಿಳಿ, ನೀಲಿ, ಹಸಿರು ಎಂಬ ನಾಲ್ಕು ಪಕ್ಷಗಳಲ್ಲಿ ಒಂದರ ಪರವಾಗಿ ಅವರು ಓಡುತ್ತಿದ್ದರು. ಗೆದ್ದವನಿಗೆ ಹಣ, ಊರು ತುಂಬ ಹೆಸರು. ಗುಲಾಮನಾಗಿದ್ದರೆ ಬಿಡುಗಡೆಯ ಆಸೆಯೂ ಇತ್ತು. ಕ್ರಿ.ಶ. 2ನೇ ಶತಮಾನದ ಡಯೋಕ್ಲಿಸ್ ಎಂಬ ಸಾರಥಿ 24 ವರ್ಷಗಳಲ್ಲಿ 4,257 ಓಟಗಳಲ್ಲಿ ಓಡಿ, 1,462 ಗೆದ್ದು, 42ರ ವಯಸ್ಸಿನಲ್ಲಿ ನಿವೃತ್ತನಾದನೆಂದು ಶಾಸನ ಹೇಳುತ್ತದೆ. ಅವನಿಗಿಂತ ಹಿಂದಿನ ಸ್ಕೋರ್ಪಸ್ 2,000ಕ್ಕೂ ಹೆಚ್ಚು ಬಾರಿ ಗೆದ್ದಿದ್ದ. ಆದರೆ 27ರ ಹೊತ್ತಿಗೇ ತೀರಿಕೊಂಡ. ಲಗಾಮನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದವರಿಗೆ ಈ ಎರಡೂ ಸಾಧ್ಯತೆಗಳು ಚೆನ್ನಾಗಿ ಗೊತ್ತಿದ್ದವು.