ಫಾರ್ಮ್.ಡಿ ಸೇರುವಿರಾ? ಮೊದಲು ಓಪಿಡಿ ನೋಡಿ ಬನ್ನಿ

ಸಿಇಟಿ ಫಲಿತಾಂಶ ಬಂದ ವಾರ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಾಲಕರ ಫೋನು ಶುರುವಾಗುತ್ತದೆ. ಪ್ರಶ್ನೆ ಒಂದೇ: ‘ಫಾರ್ಮ್.ಡಿ ಮಾಡಿದ್ರ ಹೆಸರಿನ ಮುಂದ ಡಾಕ್ಟರ್ ಅಂತ ಹಾಕ್ಕೋಬಹುದಂತಲ್ರೀ, ಖರೇನ?’ ಮುಂದೆ ಏನು ಹಾಕಿಕೊಂಡರೂ ಔಷಧ ಬರೆದುಕೊಡುವ ಅಧಿಕಾರ ಬರುವುದಿಲ್ಲ. ವೈದ್ಯರು ಬರೆದದ್ದು ಈ ರೋಗಿಗೆ ಹೊಂದುತ್ತದೆಯೇ, ಅವರು ಅದನ್ನು ಸರಿಯಾಗಿ ತಗೊಳ್ಳುತ್ತಿದ್ದಾರೆಯೇ ಎಂದು ನೋಡುವುದು ಕ್ಲಿನಿಕಲ್ ಫಾರ್ಮಾಸಿಸ್ಟ್ ಕೆಲಸ.

ಒಂದು ಉದಾಹರಣೆ ಸಾಕು. ನಮ್ಮ ಕಡೆಯವರು ಒಮ್ಮೆ ಕಲಬುರಗಿಗೆ, ಇನ್ನೊಮ್ಮೆ ಸೊಲ್ಲಾಪುರಕ್ಕೆ ದವಾಖಾನೆಗೆ ಹೋಗುತ್ತಾರೆ. ಅಫಜಲಪುರ ಕಡೆಯ ಅಜ್ಜ ಒಬ್ಬರು ನನ್ನ ಮುಂದೆ ಕ್ಯಾರಿಬ್ಯಾಗ್ ಸುರುವಿದಾಗ ಬಿ.ಪಿ.ಯ ಅಮ್ಲೋಡಿಪಿನ್ ಗುಳಿಗೆ ಎರಡು ಕಂಪನಿಗಳ ಹೆಸರಲ್ಲಿ ಸಿಕ್ಕಿತು. ಒಂದು ಕಲಬುರಗಿ ಚೀಟಿಯದು, ಇನ್ನೊಂದು ಸೊಲ್ಲಾಪುರದ್ದು. ಎರಡನ್ನೂ ನುಂಗುತ್ತಿದ್ದರು. ಕಾಲು ಬಾತಿದ್ದವು. ಆ ಬಾವಿಗೆಂದೇ ಮೂರನೆಯ ಗುಳಿಗೆಯೂ ಚೀಲದಲ್ಲಿತ್ತು. ಇಂಥದ್ದನ್ನು ಹಿಡಿದು ವೈದ್ಯರ ಗಮನಕ್ಕೆ ತರುವುದು, ಇನ್ಹೇಲರ್ ಎಳೆಯುವುದನ್ನು ಕಲಿಸುವುದು, ಫ್ರಿಜ್ ಇಲ್ಲದ ಮನೆಯವರಿಗೆ ನಮ್ಮ ಬಿಸಿಲಲ್ಲಿ ಇನ್ಸುಲಿನ್ ಎಲ್ಲಿಡಬೇಕೆಂದು ಹೇಳುವುದು, ಇವೇ ಓಪಿಡಿಯ ದಿನಗೆಲಸ.

ಓದಿನ ದಾರಿ ಬೇಗ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ; ಜತೆಗೆ ಜೀವಶಾಸ್ತ್ರ ಅಥವಾ ಗಣಿತ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಡಿ.ಫಾರ್ಮಾ ಪಾಸಾದವರೂ ಮೊದಲ ವರ್ಷಕ್ಕೆ ಸೇರಬಹುದು. ಈ ಕೋರ್ಸ್ ದೇಶದಲ್ಲಿ ಶುರುವಾದದ್ದು 2008ರಲ್ಲಿ. 5 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಬಿ.ಫಾರ್ಮಾ ಆದವರಿಗೆ 3 ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ ಉಂಟು.

ಈ ಭಾಗದವರೆಂದು ತೋರಿಸುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿ. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು ಮೀಸಲಿದ್ದೂ, ಪತ್ರವಿಲ್ಲದೆ ಸಾಮಾನ್ಯ ಸಾಲಿನಲ್ಲಿ ನಿಂತವರನ್ನು ನೋಡಿದ್ದೇನೆ. ಅರ್ಜಿ ನಾಡಕಚೇರಿಯಲ್ಲಿ ಕೊಟ್ಟರೂ ಸಹಿ ಆಗಬೇಕಾದದ್ದು ಸಹಾಯಕ ಆಯುಕ್ತರದು. ಕೌನ್ಸೆಲಿಂಗ್ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಆಪ್ಷನ್ ಎಂಟ್ರಿ ಮಾಡುವಾಗ ಪಾಲಕರು ಕೇಳುವುದು ಫೀಸು, ಹಾಸ್ಟೆಲ್, ಕಟ್ಟಡ. ಆಸ್ಪತ್ರೆ ಎಲ್ಲಿದೆ ಎಂದು ಕೇಳಿದವರು ಕಡಿಮೆ. ನಿಯಮದ ಪ್ರಕಾರ ಫಾರ್ಮ್.ಡಿ ನಡೆಸಲು 300 ಹಾಸಿಗೆಯ ಆಸ್ಪತ್ರೆ ಬೇಕು. ಸ್ವಂತದ್ದು ಇಲ್ಲದಿದ್ದರೆ ಒಪ್ಪಂದದಲ್ಲೂ ನಡೆಯುತ್ತದೆ. ಆ ‘ಒಪ್ಪಂದ’ದಲ್ಲೇ ಹುಡುಗರು ಹಾಳಾಗುವುದು. ನನಗೆ ಗೊತ್ತಿರುವ ಜೇವರ್ಗಿ ತಾಲ್ಲೂಕಿನ ಹುಡುಗಿಯೊಬ್ಬಳ ಕಾಲೇಜಿಗೂ ಆಸ್ಪತ್ರೆಗೂ ಬಸ್ಸಿನಲ್ಲಿ ಒಂದೂವರೆ ತಾಸು. ವಾರಕ್ಕೊಮ್ಮೆ ಹೋಗಿ ಕೇಸ್ ಶೀಟ್ ನಕಲು ಮಾಡಿಕೊಂಡು ಬಂದದ್ದೇ ಬಂತು. ಕೊನೆಯ ವರ್ಷದಲ್ಲೂ ರೋಗಿಯ ಜತೆ ಮಾತಾಡಲು ಅವಳಿಗೆ ನಡುಕ.

ಆದ್ದರಿಂದ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ಹೇಳದೆ, ಕಾಲೇಜಿಗಲ್ಲ, ಅದರ ಆಸ್ಪತ್ರೆಗೆ ಹೋಗಿ. ಫಾರ್ಮಸಿ ಪ್ರಾಕ್ಟೀಸ್ ವಿಭಾಗದ ಕೋಣೆ ಎಲ್ಲಿ ಎಂದು ಕೇಳಿ. ಸಿಬ್ಬಂದಿಗೇ ಗೊತ್ತಿಲ್ಲದಿದ್ದರೆ ಉತ್ತರ ಸಿಕ್ಕಂತೆಯೇ. ಕೋಣೆ ಇದ್ದರೆ ಒಳಗೆ ಹೋಗಿ: ಯಾವ ವರ್ಷದಿಂದ ವಾರ್ಡಿಗೆ ಬಿಡುತ್ತಾರೆ? ರೋಗಿಗೆ ತಿಳಿಹೇಳುವ ಮೇಜು ಓಪಿಡಿಯಲ್ಲಿದೆಯೇ, ಪಕ್ಕದಲ್ಲಿ ಅಧ್ಯಾಪಕರು ಕೂರುತ್ತಾರೆಯೇ? ಪ್ರಿನ್ಸಿಪಾಲರನ್ನು ಕೇಳಬೇಡಿ, ಇಂಟರ್ನ್‌ಗಳನ್ನು ಕ್ಯಾಂಟೀನಿನಲ್ಲಿ ಕೇಳಿ. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಗೆ ಫಾರ್ಮಸಿ ಕಾಲೇಜೂ ಬಸವೇಶ್ವರ ಆಸ್ಪತ್ರೆಯೂ ಇವೆ. ಮೈಸೂರಿನಲ್ಲಿ ಜೆಎಸ್‌ಎಸ್‌ಗೂ ಹಾಗೆಯೇ. ಅಲ್ಲಿಗೂ ಇದೇ ಪ್ರಶ್ನೆ ಹಿಡಿದುಕೊಂಡೇ ಹೋಗಿ, ನಾನು ಹೆಸರು ಹೇಳಿದೆನೆಂದು ಸೇರಬೇಡಿ.

ಇಂಟರ್ನ್‌ಶಿಪ್‌ನಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಬೇರೆ ಮೂರು ವಿಭಾಗಗಳಲ್ಲಿ ತಲಾ 2 ತಿಂಗಳು. ಆ ವರ್ಷ ಪುಸ್ತಕಕ್ಕಿಂತ ಬಾಯಿ ಮುಖ್ಯ. ಆಳಂದದ ಗಡಿಯಲ್ಲಿ ಮರಾಠಿ, ಎಲ್ಲ ಕಡೆ ದಖನಿ ಉರ್ದು ಕಿವಿಗೆ ಬೀಳುತ್ತದೆ. ನಾಲ್ಕು ಮಾತು ಕಲಿಯಿರಿ. ‘ಆಹಾರಕ್ಕೆ ಮುನ್ನ’ ಎಂದರೆ ರೋಗಿಗಳು ತಲೆಯಾಡಿಸುತ್ತಾರೆ, ತಿಳಿದಿರುವುದಿಲ್ಲ. ‘ರೊಟ್ಟಿ ಉಣ್ಣೂಕಿಂತ ಮೊದಲ’ ಎನ್ನಿ, ಆಮೇಲೆ ‘ಈಗ ನೀವು ಹೇಳ್ರಿ, ಹ್ಯಾಂಗ ತಗೋತೀರಿ?’ ಎಂದು ಅವರ ಬಾಯಲ್ಲೇ ಹೇಳಿಸಿ.

ಇಂಟರ್ನ್‌ಶಿಪ್ ಮುಗಿದ ಕೂಡಲೇ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ. ಆ ಸರ್ಟಿಫಿಕೇಟನ್ನು ಮೆಡಿಕಲ್ ಅಂಗಡಿಗೆ ಬಾಡಿಗೆಗೆ ಕೊಡಲು ಕರೆ ಬರುತ್ತದೆ. ಕೊಡಬೇಡಿ, ಅಲ್ಲಿ ತಪ್ಪು ಔಷಧ ಹೋದರೆ ಗೋಡೆಯ ಮೇಲೆ ತೂಗುವ ಹೆಸರು ನಿಮ್ಮದು.

ಕೆಲಸ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕ್ಲಿನಿಕಲ್ ಫಾರ್ಮಾಸಿಸ್ಟ್ ಕುರ್ಚಿ ಸಿಗುವುದು ಕಷ್ಟ, ಸರಕಾರಿ ಆಸ್ಪತ್ರೆಯ ಫಾರ್ಮಾಸಿಸ್ಟ್ ಹುದ್ದೆ ಔಷಧ ವಿತರಣೆಯದು. ಕಲಬುರಗಿ, ಹೈದರಾಬಾದ್, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಹುಡುಕಿ. ಔಷಧ ಅಡ್ಡಪರಿಣಾಮಗಳ ವರದಿ ಕೆಲಸವೂ ಇದೆ. ಇದಕ್ಕೆಂದೇ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಸಹಾಯವಾಣಿ 1800-180-3024. ಆರಂಭದ ಸಂಬಳ ಆರು ವರ್ಷದ ಓದಿಗೆ ತಕ್ಕುದಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ನೇಮಕಾತಿ ಪತ್ರದಲ್ಲಿ ವಾರ್ಡ್, ಓಪಿಡಿ ಎಂಬ ಮಾತಿಲ್ಲದೆ ಬರೀ ‘ಬಿಲ್ಲಿಂಗ್’, ‘ಸ್ಟೋರ್’ ಇದ್ದರೆ ಸಹಿಗೆ ಮುಂಚೆ ಕೇಳಿ.